ಬರೆದ ಫೈಲು ಖಾಲಿ ಏಕೆ?

ಜಾವಾ ಕಲಿಯುತ್ತಿರುವವರಿಂದ ಈ ಅಂಕಣಕ್ಕೆ ಬರುವ ಪ್ರಶ್ನೆಗಳು ಪರೀಕ್ಷೆ, ಪ್ರಾಜೆಕ್ಟುಗಳ ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ. ಒಂದು ಪ್ರಶ್ನೆಗೆ ಮಾತ್ರ ಸೀಸನ್ ಎಂಬುದೇ ಇಲ್ಲ. ಪ್ರೋಗ್ರಾಂ ಕಂಪೈಲ್ ಆಯಿತು, ಓಡಿತು, ಯಾವ ಎರರೂ ಬರಲಿಲ್ಲ. ಫೋಲ್ಡರ್ ತೆರೆದರೆ ಫೈಲೂ ಇದೆ. ಆದರೆ ಅದರ ಗಾತ್ರ ಸೊನ್ನೆ ಬೈಟ್, ಒಳಗೆ ಒಂದಕ್ಷರವೂ ಇಲ್ಲ. ರೈಟ್ ಎಂದು ಬರೆದ ಸಾಲು ಕಣ್ಣೆದುರೇ ಇದೆಯಲ್ಲ, ಬರೆದದ್ದು ಹೋಯಿತೆಲ್ಲಿಗೆ?

ಚುಟುಕಾದ ಉತ್ತರ: ಫೈಲನ್ನು ಕ್ಲೋಸ್ ಮಾಡಿಲ್ಲ. ಇಷ್ಟು ಹೇಳಿದರೆ ಪ್ರೋಗ್ರಾಂ ಸರಿಹೋಗುತ್ತದೆ, ಕೇಳಿದವರು ಖುಷಿಯಾಗಿ ಮುಂದಿನ ಲ್ಯಾಬ್‌ಗೆ ಹೋಗುತ್ತಾರೆ. ಅವರೇ ಕೆಲಸಕ್ಕೆ ಸೇರಿದ ಮೇಲೆ ಆ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಎದುರಾಗುತ್ತದೆ. ದೊಡ್ಡ ರಿಪೋರ್ಟಿನ ಕೊನೆಯ ಕೆಲವು ಸಾಲುಗಳು ಕಾಣೆಯಾಗಿರುತ್ತವೆ. ಕರೆಂಟು ಹೋಗಿ ಬಂದ ಮೇಲೆ ಸೆಟ್ಟಿಂಗ್ಸ್ ಫೈಲು ಖಾಲಿಯಾಗಿರುತ್ತದೆ. ಕನ್ನಡ ಹೆಸರುಗಳಿರಬೇಕಾದ ಕಡೆ ಬರೀ ಪ್ರಶ್ನೆ ಚಿಹ್ನೆಗಳು ಕೂತಿರುತ್ತವೆ. ಇವೆಲ್ಲಕ್ಕೂ ಮೂಲ ಒಂದೇ ನಂಬಿಕೆ: ಪ್ರೋಗ್ರಾಂನಲ್ಲಿ ರೈಟ್ ಎಂದದ್ದು ಹಾಗೆಯೇ, ಆಗಲೇ ಡಿಸ್ಕಿಗೆ ಹೋಗಿ ಕೂರುತ್ತದೆ ಎಂಬುದು. ‘ಹಾಗೆಯೇ’ ಎನ್ನುವುದೂ ಸುಳ್ಳು, ‘ಆಗಲೇ’ ಎನ್ನುವುದೂ ಸುಳ್ಳು.

ಮೊದಲು ‘ಆಗಲೇ’ ವಿಚಾರ. ಮೆಮೊರಿಯೊಳಗಿನ ಕೆಲಸಕ್ಕೆ ಹೋಲಿಸಿದರೆ ಡಿಸ್ಕಿನ ಕೆಲಸ ಬಹಳ ನಿಧಾನ. ಒಂದೊಂದು ಅಕ್ಷರಕ್ಕೂ ಆಪರೇಟಿಂಗ್ ಸಿಸ್ಟಮ್ಮನ್ನು ಕರೆದರೆ ಕರೆಯುವುದರಲ್ಲೇ ಹೊತ್ತು ಹೋಗುತ್ತದೆ. ಅದಕ್ಕಾಗಿ ಜಾವಾದ ಬರೆಯುವ ಕ್ಲಾಸುಗಳು ಅಕ್ಷರಗಳನ್ನು ತಮ್ಮ ಬಳಿಯ ಬಫರಿನಲ್ಲಿ ಕೂಡಿಹಾಕಿಕೊಳ್ಳುತ್ತವೆ. ತಾಲ್ಲೂಕು ಸ್ಟ್ಯಾಂಡಿನ ಟೆಂಪೋ ಇದ್ದಹಾಗೆ. ಸೀಟು ಭರ್ತಿಯಾಗದೆ ಹೊರಡುವುದಿಲ್ಲ. ಬಫರ್ಡ್‌ರೈಟರ್ ಕ್ಲಾಸಿನ ಬಫರ್ ಸಾಮಾನ್ಯವಾಗಿ 8192 ಅಕ್ಷರಗಳದ್ದು. ಲ್ಯಾಬ್‌ನಲ್ಲಿ ಬರೆಯುವ ಹತ್ತು ಸಾಲಿನ ಪ್ರೋಗ್ರಾಂ ಅದರ ಮೂಲೆಯನ್ನೂ ತುಂಬುವುದಿಲ್ಲ. ಪ್ರೋಗ್ರಾಂ ಮುಗಿದಾಗ ಆ ಮೆಮೊರಿ ಹಾಗೇ ಬಿಡುಗಡೆಯಾಗುತ್ತದೆ, ಅದರೊಂದಿಗೆ ಬರೆದದ್ದೂ ಮಾಯವಾಗುತ್ತದೆ. ಮುಗಿಯುವಾಗ ಜಾವಾ ತಾನಾಗಿ ಬಫರನ್ನು ಖಾಲಿ ಮಾಡುವುದಿಲ್ಲ.

ಬಫರ್ಡ್ ಎಂಬ ಪದ ಹೆಸರಿನಲ್ಲಿಲ್ಲದ ಫೈಲ್‌ರೈಟರ್ ಕೂಡ ಇದಕ್ಕೆ ಹೊರತಲ್ಲ. ಅಕ್ಷರಗಳನ್ನು ಬೈಟುಗಳಾಗಿ ಬದಲಿಸುವ ಭಾಗ ಅದರೊಳಗಿದೆ, ಆ ಭಾಗಕ್ಕೂ ತನ್ನದೇ ಸಣ್ಣ ಬಫರ್ ಇದೆ. ‘ನಾನು ಬಫರ್ಡ್‌ರೈಟರ್ ಬಳಸಿಯೇ ಇಲ್ಲವಲ್ಲ’ ಎನ್ನುವವರ ಫೈಲೂ ಖಾಲಿ ಉಳಿಯುವುದು ಹೀಗೆ. ಹಾಗೆ ನೋಡಿದರೆ ಫೈಲು ಪೂರ್ತಿ ಖಾಲಿಯಾಗಿರುವುದು ಅದೃಷ್ಟ. ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ. ಲಕ್ಷ ಅಕ್ಷರಗಳ ರಿಪೋರ್ಟಿನಲ್ಲಿ ಬಫರ್ ತುಂಬಿದಾಗಲೆಲ್ಲ ಒಂದೊಂದು ಕಂತು ಹೊರಟಿರುತ್ತದೆ. ಕೊನೆಯ ಅರ್ಧ ತುಂಬಿದ ಕಂತು ಮಾತ್ರ ಉಳಿದುಹೋಗುತ್ತದೆ. ಫೈಲು ತೆರೆದವರು ಮೊದಲ ಪುಟ ನೋಡಿ ಎಲ್ಲ ಸರಿಯಿದೆ ಎಂದುಕೊಳ್ಳುತ್ತಾರೆ. ಒಟ್ಟು ಮೊತ್ತ ಇರುವುದು ಕೊನೆಯ ಪುಟದಲ್ಲಿ.

ಜಾವಾದ ಫೈಲ್ ಕ್ಲಾಸುಗಳನ್ನು ಬೈಯದ ವಿದ್ಯಾರ್ಥಿ ಸಿಗುವುದು ಅಪರೂಪ. ಪೈಥಾನ್‌ನಲ್ಲಿ ಓಪನ್ ಎಂದರೆ ಮುಗಿಯಿತು. ಇಲ್ಲಿ ಫೈಲ್‌ಔಟ್‌ಪುಟ್‌ಸ್ಟ್ರೀಮ್ ಒಂದು ಆಬ್ಜೆಕ್ಟು, ಅದನ್ನು ಔಟ್‌ಪುಟ್‌ಸ್ಟ್ರೀಮ್‌ರೈಟರ್ ಒಳಗಿಡಬೇಕು, ಅದನ್ನು ಮತ್ತೆ ಬಫರ್ಡ್‌ರೈಟರ್ ಒಳಗಿಡಬೇಕು. 1994ರಲ್ಲಿ ನಾಲ್ವರು ಲೇಖಕರು ಹೊರತಂದ ಡಿಸೈನ್ ಪ್ಯಾಟರ್ನ್ಸ್ ಪುಸ್ತಕ ಈ ವಿನ್ಯಾಸವನ್ನು ಡೆಕೋರೇಟರ್ ಎಂದು ಕರೆಯಿತು. ಜಾವಾದ ಫೈಲ್ ಕ್ಲಾಸುಗಳು ಅದರ ಅಚ್ಚುಕಟ್ಟಾದ ಉದಾಹರಣೆ. ಒಳಗಿನ ಆಬ್ಜೆಕ್ಟಿಗೆ ಬೈಟು ಬಿಟ್ಟರೆ ಬೇರೇನೂ ಗೊತ್ತಿಲ್ಲ. ನಡುವಿನದು ಅಕ್ಷರವನ್ನು ಬೈಟಾಗಿಸುತ್ತದೆ. ಹೊರಗಿನದು ಕೂಡಿಹಾಕುತ್ತದೆ. ಬರೆಯಲು ಕಿರಿಕಿರಿಯಾದರೂ ಫೈಲು ಬರೆಯುವಾಗ ನಿಜಕ್ಕೂ ಏನು ನಡೆಯುತ್ತದೆ ಎಂಬುದನ್ನು ಈ ಜೋಡಣೆ ಮುಚ್ಚಿಡುವುದಿಲ್ಲ. ಕಲಿಯುವವರು ಒಂದು ಸಲವಾದರೂ ಇದನ್ನು ಕೈಯಾರೆ ಕಟ್ಟಬೇಕು. ಆಮೇಲೆ ಬೇಕಾದರೆ 2018ರ ಜಾವಾ 11ರಲ್ಲಿ ಬಂದ, ಇಡೀ ಕೆಲಸವನ್ನು ಒಂದೇ ಸಾಲಿನಲ್ಲಿ ಮುಗಿಸುವ ಫೈಲ್ಸ್.ರೈಟ್‌ಸ್ಟ್ರಿಂಗ್ ಬಳಸಲಿ.

ಕ್ಲೋಸ್ ಮಾಡುವುದು ಗೊತ್ತಿದ್ದರೂ ಅದನ್ನು ಸರಿಯಾದ ಜಾಗದಲ್ಲಿ ಮಾಡುವುದು ಸುಲಭವಲ್ಲ. ಕ್ಲೋಸ್ ಎಂಬ ಸಾಲು ಕೊನೆಯಲ್ಲಿದ್ದು, ನಡುವೆ ಎಲ್ಲೋ ಎಕ್ಸೆಪ್ಷನ್ ಬಂದರೆ ಪ್ರೋಗ್ರಾಂ ಆ ಸಾಲನ್ನು ಮುಟ್ಟುವುದೇ ಇಲ್ಲ. ಹಾಗೆಂದು ಫೈನಲಿ ಬ್ಲಾಕಿನಲ್ಲಿಟ್ಟರೆ ಕ್ಲೋಸ್ ಕೂಡ ಎಕ್ಸೆಪ್ಷನ್ ಎಸೆಯಬಹುದು, ಆಗ ಮೊದಲಿನ ಎಕ್ಸೆಪ್ಷನ್ ಮುಚ್ಚಿಹೋಗುತ್ತದೆ. ಜಾವಾದ ಕಲೆಕ್ಷನ್ಸ್ ಲೈಬ್ರರಿ ವಿನ್ಯಾಸ ಮಾಡಿದ ಜೋಶುವಾ ಬ್ಲಾಕ್ ತಮ್ಮ ಎಫೆಕ್ಟಿವ್ ಜಾವಾ ಪುಸ್ತಕದಲ್ಲಿ ಇದರ ಬಗ್ಗೆ ಬರೆದಿದ್ದಾರೆ. ತಮ್ಮದೇ ಇನ್ನೊಂದು ಪುಸ್ತಕದಲ್ಲಿ ಇದು ತಪ್ಪಾಗಿ ಅಚ್ಚಾಗಿತ್ತು, ವರ್ಷಗಟ್ಟಲೆ ಯಾರೂ ಗಮನಿಸಲಿಲ್ಲ ಎನ್ನುತ್ತಾರೆ ಅವರು. 2007ರಲ್ಲಿ ಜಾವಾದ ಸ್ವಂತ ಲೈಬ್ರರಿಗಳಲ್ಲೇ ಕ್ಲೋಸ್ ಬಳಕೆಯ ಮೂರರಲ್ಲಿ ಎರಡು ಪಾಲು ತಪ್ಪಾಗಿತ್ತು ಎಂದೂ ಅಲ್ಲಿ ದಾಖಲಿಸಿದ್ದಾರೆ. ಭಾಷೆ ಕಟ್ಟಿದವರ ಮನೆಯಲ್ಲೇ ಈ ಗತಿಯಾದರೆ ಮೂರನೇ ಸೆಮಿಸ್ಟರಿನವರನ್ನು ಬೈದು ಏನು ಫಲ?

ಪರಿಹಾರ 2011ರ ಜಾವಾ 7ರಲ್ಲಿ ಬಂತು. ಟ್ರೈ ಎಂಬ ಪದದ ಪಕ್ಕದ ಕಂಸದೊಳಗೆ ರೈಟರ್ ತೆರೆದರೆ ಬ್ಲಾಕು ಹೇಗೇ ಮುಗಿಯಲಿ, ಸರಿಯಾಗಿಯೋ ಎಕ್ಸೆಪ್ಷನ್ ಬಂದೋ, ಕ್ಲೋಸ್ ತಾನಾಗಿ ನಡೆಯುತ್ತದೆ. ಎರಡು ಎಕ್ಸೆಪ್ಷನ್ ಬಂದರೆ ಮೊದಲನೆಯದು ಉಳಿದು, ಎರಡನೆಯದು ಅದರ ಜತೆಗೆ ಸೇರಿಕೊಳ್ಳುತ್ತದೆ. ಹೊರಗಿನ ಆಬ್ಜೆಕ್ಟು ಮುಚ್ಚಿದರೆ ಅದು ತನ್ನ ಬಫರನ್ನು ಖಾಲಿ ಮಾಡಿ ಒಳಗಿನವುಗಳನ್ನೂ ಮುಚ್ಚುತ್ತದೆ. ಇದು ಬಂದು ಇಷ್ಟು ವರ್ಷವಾದರೂ ಹಳೆಯ ಫೈನಲಿ ಬ್ಲಾಕನ್ನೇ ಕಲಿಸುವ ನೋಟ್ಸುಗಳು ಇನ್ನೂ ಓಡಾಡುತ್ತಿವೆ.

ಇದರ ನಡುವೆ ಪ್ರಿಂಟ್‌ರೈಟರ್ ಬಗ್ಗೆ ಒಂದು ಎಚ್ಚರಿಕೆ. ಪ್ರಿಂಟ್‌ಎಲ್‌ಎನ್ ಸಿಗುತ್ತದೆಂದು ಎಲ್ಲರಿಗೂ ಅದು ಇಷ್ಟ. ಆದರೆ ಡಿಸ್ಕ್ ತುಂಬಿ ಬರೆಯಲಾಗದಿದ್ದರೂ ಅದು ಎಕ್ಸೆಪ್ಷನ್ ಎಸೆಯುವುದಿಲ್ಲ. ಚೆಕ್‌ಎರರ್ ಎಂಬ ಮೆಥಡ್ಡನ್ನು ನಾವಾಗಿ ಕರೆದು ಕೇಳಿದರೆ ಮಾತ್ರ ಬಾಯಿಬಿಡುತ್ತದೆ. ಲೆಕ್ಕಪತ್ರದ ಕೆಲಸಕ್ಕೆ ಅದನ್ನು ದೂರವಿಡುವುದೇ ಮೇಲು.

ಫೈಲೇ ಸಿಗುತ್ತಿಲ್ಲ ಎನ್ನುವವರೂ ಇದ್ದಾರೆ. ಬರೀ ಹೆಸರು ಕೊಟ್ಟರೆ ಫೈಲು ಹುಟ್ಟುವುದು ಪ್ರೋಗ್ರಾಂ ಓಡುತ್ತಿರುವ ಫೋಲ್ಡರಿನಲ್ಲಿ, ಸೋರ್ಸ್ ಕೋಡ್ ಇರುವ ಫೋಲ್ಡರಿನಲ್ಲಿ ಅಲ್ಲ. ಎಕ್ಲಿಪ್ಸ್‌ನಲ್ಲಿ ಓಡಿಸಿದರೆ ಸಾಮಾನ್ಯವಾಗಿ ಪ್ರಾಜೆಕ್ಟಿನ ಬುಡದಲ್ಲಿ ಹುಡುಕಬೇಕು. ಪೂರ್ಣ ವಿಳಾಸವನ್ನು ಒಮ್ಮೆ ಪ್ರಿಂಟ್ ಮಾಡಿಸಿಕೊಂಡರೆ ಜಗಳ ತೀರುತ್ತದೆ. ವಿಂಡೋಸ್‌ನಲ್ಲಿ ಪೂರ್ಣ ವಿಳಾಸ ಕೊಡುವವರಿಗೆ ಇನ್ನೊಂದು ತಾಪತ್ರಯವಿದೆ. ಬ್ಯಾಕ್‌ಸ್ಲ್ಯಾಶಿನ ಮುಂದೆ ‘ಟೆಂಪ್’ ಎಂದು ಇಂಗ್ಲಿಷಿನಲ್ಲಿ ಬರೆದರೆ ಜಾವಾ ಅದರ ಮೊದಲಕ್ಷರವನ್ನು ಬ್ಯಾಕ್‌ಸ್ಲ್ಯಾಶ್ ಜತೆ ಸೇರಿಸಿ ಟ್ಯಾಬ್ ಎಂದು ಓದುತ್ತದೆ. ‘ನೋಟ್ಸ್’ ಎಂದರೆ ಹೊಸ ಸಾಲು ಎಂದು ಓದುತ್ತದೆ. ಬ್ಯಾಕ್‌ಸ್ಲ್ಯಾಶನ್ನು ಎರಡು ಸಲ ಬರೆಯಬೇಕು, ಇಲ್ಲವೇ ಮುಂದಕ್ಕೆ ಬಾಗಿದ ಸ್ಲ್ಯಾಶ್ ಬಳಸಬೇಕು. ವಿಂಡೋಸ್ ಮೇಲೂ ಜಾವಾ ಅದನ್ನು ಒಪ್ಪುತ್ತದೆ.

ಇನ್ನು ‘ಹಾಗೆಯೇ’ ವಿಚಾರ. ಕನ್ನಡಿಗರಿಗೆ ಇದು ಹೆಚ್ಚು ಮುಖ್ಯ, ಏಕೆಂದರೆ ಇಂಗ್ಲಿಷಿನಲ್ಲಿ ಮಾತ್ರ ಬರೆಯುವವರು ಈ ಗುಂಡಿಗೆ ಬೀಳದೆ ಇಡೀ ವೃತ್ತಿಜೀವನ ಕಳೆಯಬಹುದು. ಡಿಸ್ಕಿಗೆ ಅಕ್ಷರ ಗೊತ್ತಿಲ್ಲ, ಗೊತ್ತಿರುವುದು ಬೈಟು. ಯಾವ ಅಕ್ಷರಕ್ಕೆ ಯಾವ ಬೈಟು ಎಂದು ಹೇಳುವ ಕೋಷ್ಟಕವೇ ಎನ್‌ಕೋಡಿಂಗ್. ‘ಕನ್ನಡ’ ಎಂಬ ಪದ ಬರೆಯುವಾಗ ನಮ್ಮ ಕಣ್ಣಿಗೆ ಕಾಣುವುದು ಮೂರು ಅಕ್ಷರ. ಯೂನಿಕೋಡ್‌ಗೆ ಅವು ಐದು: ಕ, ನ, ಹಲಂತ, ಮತ್ತೊಂದು ನ, ಡ. ಜಾವಾದಲ್ಲಿ ಅದರ ಉದ್ದ ಕೇಳಿದರೂ 5 ಎಂದೇ ಉತ್ತರ ಬರುತ್ತದೆ. ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು ಬೇಕು, ಹೀಗಾಗಿ ಫೈಲಿನ ಗಾತ್ರ 15 ಬೈಟ್. ಉದಾಹರಣೆಗೆ ಕ ಎಂಬುದು 224, 178, 149 ಎಂಬ ಮೂರು ಸಂಖ್ಯೆಗಳಾಗಿ ಕೂರುತ್ತದೆ.

ಜಾವಾ ಮೊದಲ ಆವೃತ್ತಿಯಿಂದಲೂ ಯೂನಿಕೋಡ್ ಬಲ್ಲ ಭಾಷೆ. ಅದರ ಸ್ಟ್ರಿಂಗ್ ಒಳಗೆ ಕನ್ನಡ ಎಂದೂ ಕೆಟ್ಟಿಲ್ಲ. ಕೆಡುತ್ತಿದ್ದದ್ದು ಫೈಲಿಗೆ ಬರೆಯುವ ಹೊತ್ತಿನಲ್ಲಿ. ಎನ್‌ಕೋಡಿಂಗ್ ಹೇಳದಿದ್ದರೆ ಫೈಲ್‌ರೈಟರ್ ಆ ಕಂಪ್ಯೂಟರಿನ ಡೀಫಾಲ್ಟ್ ಯಾವುದೋ ಅದನ್ನೇ ಹಿಡಿಯುತ್ತಿತ್ತು. ಲಿನಕ್ಸ್‌ನಲ್ಲಿ ಅದು ಹೆಚ್ಚಾಗಿ ಯುಟಿಎಫ್-8. ಇಂಗ್ಲಿಷ್ ವಿಂಡೋಸ್‌ನಲ್ಲಿ ಮಾತ್ರ ಪಶ್ಚಿಮ ಯುರೋಪಿನ ಭಾಷೆಗಳಿಗೆಂದು ಮಾಡಿದ 1252 ಎಂಬ ಹಳೆಯ ಕೋಷ್ಟಕ. ಅದರಲ್ಲಿ ಕನ್ನಡವೇ ಇಲ್ಲ. ಇಲ್ಲದ ಅಕ್ಷರ ಬಂದಾಗ ಫೈಲ್‌ರೈಟರ್ ಗಲಾಟೆ ಮಾಡುವುದಿಲ್ಲ, ಅದರ ಜಾಗದಲ್ಲಿ ಸದ್ದಿಲ್ಲದೆ ಒಂದು ಪ್ರಶ್ನೆ ಚಿಹ್ನೆ ಇಡುತ್ತದೆ. ‘ಕನ್ನಡ’ ಎಂದು ಬರೆದವರಿಗೆ ಐದು ಪ್ರಶ್ನೆ ಚಿಹ್ನೆಗಳು ಸಿಗುತ್ತವೆ. ಫಾಂಟ್ ಬದಲಿಸಿದರೆ ಸರಿಹೋದೀತು ಎಂದು ಅನೇಕರು ಒದ್ದಾಡುತ್ತಾರೆ. ಫಾಂಟಿನ ತಪ್ಪಲ್ಲ ಅದು. ಫೈಲಿನಲ್ಲಿ ನಿಜಕ್ಕೂ ಪ್ರಶ್ನೆ ಚಿಹ್ನೆಗಳೇ ಇವೆ, ಮೂಲ ಅಕ್ಷರ ಮರಳಿ ಬರುವುದಿಲ್ಲ.

ಇದರಲ್ಲಿ ಜಾವಾ ಕಟ್ಟಿದವರ ಪಾಲೂ ಇದೆ. ಫೈಲ್‌ರೈಟರ್ ಬಂದದ್ದು 1997ರ ಜೆಡಿಕೆ 1.1ರಲ್ಲಿ. ಅದನ್ನು ತೆರೆಯುವಾಗಲೇ ಎನ್‌ಕೋಡಿಂಗ್ ಹೇಳುವ ಅವಕಾಶ ಸಿಕ್ಕಿದ್ದು 2018ರ ಜಾವಾ 11ರಲ್ಲಿ. ನಡುವಿನ ಎರಡು ದಶಕ ಎನ್‌ಕೋಡಿಂಗ್ ಹೇಳಬೇಕೆಂದವರು ಔಟ್‌ಪುಟ್‌ಸ್ಟ್ರೀಮ್‌ರೈಟರ್ ಮೂಲಕ ಸುತ್ತುಬಳಸಿ ಹೋಗಬೇಕಿತ್ತು. ಕೊನೆಗೆ 2022ರ ಜಾವಾ 18ರಿಂದ ಎಲ್ಲ ಕಂಪ್ಯೂಟರುಗಳಲ್ಲೂ ಯುಟಿಎಫ್-8 ಡೀಫಾಲ್ಟ್ ಆಯಿತು. ಹಾಗೆಂದು ನೆಮ್ಮದಿಯಾಗಿ ಕೂರುವಂತಿಲ್ಲ. ಜಾವಾ 8, 11, 17ರ ಮೇಲೆ ಓಡುವ ಕಚೇರಿ ತಂತ್ರಾಂಶಗಳು ಈಗಲೂ ಇವೆ, ಅವುಗಳಲ್ಲಿ ಹಳೆಯ ನಿಯಮವೇ ನಡೆಯುತ್ತದೆ. ಎನ್‌ಕೋಡಿಂಗನ್ನು ಬಾಯಿಬಿಟ್ಟು ಹೇಳಿಬಿಡುವುದು ಕ್ಷೇಮ. ಫೈಲ್ಸ್ ಎಂಬ ಕ್ಲಾಸಿನ ಹೊಸ ಮೆಥಡ್‌ಗಳು ಇನ್ನೊಂದು ದೃಷ್ಟಿಯಿಂದಲೂ ಮೇಲು. ಕೊಟ್ಟ ಎನ್‌ಕೋಡಿಂಗ್‌ನಲ್ಲಿ ಅಕ್ಷರ ಇಲ್ಲದಿದ್ದರೆ ಅವು ಪ್ರಶ್ನೆ ಚಿಹ್ನೆ ಇಟ್ಟು ಸುಮ್ಮನಾಗುವುದಿಲ್ಲ, ಎಕ್ಸೆಪ್ಷನ್ ಎಸೆಯುತ್ತವೆ.

ಸರಿಯಾಗಿ ಬರೆದ ಫೈಲೂ ಓದುವವರ ಕೈಯಲ್ಲಿ ಕೆಡಬಹುದು. ಯುಟಿಎಫ್-8ರಲ್ಲಿ ಬರೆದ ಕನ್ನಡವನ್ನು 1252 ಎಂದು ತಿಳಿದು ತೆರೆದರೆ, ನೆತ್ತಿಯ ಮೇಲೆ ಓರೆಗೀಟು ಹೊತ್ತ ಇಂಗ್ಲಿಷ್ ಎ ಅಕ್ಷರ ಸಾಲುಸಾಲಾಗಿ ಕಾಣುತ್ತದೆ. ಕನ್ನಡದ ಎಲ್ಲ ಸಂಕೇತಗಳ ಮೊದಲ ಬೈಟೂ 224, ಆ ಕೋಷ್ಟಕದಲ್ಲಿ 224 ಎಂದರೆ ಆ ಎ. ಸಿಎಸ್‌ವಿ ಫೈಲನ್ನು ನೇರ ಎಕ್ಸೆಲ್‌ನಲ್ಲಿ ತೆರೆದವರಿಗೆ ಈ ದೃಶ್ಯ ಪರಿಚಿತ. ಇಲ್ಲಿ ಸಮಾಧಾನದ ಸಂಗತಿಯೆಂದರೆ ಮಾಹಿತಿ ಕಳೆದಿಲ್ಲ. ಯುಟಿಎಫ್-8 ಎಂದು ಹೇಳಿ ಮತ್ತೆ ತೆರೆದರೆ ಕನ್ನಡ ಬರುತ್ತದೆ. ಹಳೆಯ ನುಡಿ, ಬರಹ ಫಾಂಟುಗಳ ಫೈಲುಗಳ ಕಥೆ ಇದಲ್ಲ. ಅವು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಿಗೆ ಕನ್ನಡದ ಚೂರುಗಳನ್ನು ಅಂಟಿಸಿದಂಥವು. ಜಾವಾದ ಯಾವ ಎನ್‌ಕೋಡಿಂಗ್ ಹೆಸರು ಕೊಟ್ಟರೂ ಬಿಡಿಸಿಕೊಳ್ಳುವುದಿಲ್ಲ, ಅವಕ್ಕೆಂದೇ ಮಾಡಿದ ಪರಿವರ್ತಕ ಬೇಕು.

ಬಫರೂ ಎನ್‌ಕೋಡಿಂಗೂ ಒಟ್ಟಿಗೆ ಕೈಕೊಡುವ ಒಂದು ಪ್ರಸಂಗವಿದೆ, ಅನುಭವಸ್ಥರೂ ಇಲ್ಲಿ ಎಡವುತ್ತಾರೆ. ದೊಡ್ಡ ಫೈಲನ್ನು 8192 ಬೈಟುಗಳ ಕಂತುಗಳಲ್ಲಿ ಓದಿ, ಪ್ರತಿ ಕಂತನ್ನೂ ಪ್ರತ್ಯೇಕವಾಗಿ ಸ್ಟ್ರಿಂಗ್ ಮಾಡಿ ಇನ್ನೊಂದು ಫೈಲಿಗೆ ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಏನೂ ಆಗುವುದಿಲ್ಲ, ಅಕ್ಷರಕ್ಕೊಂದೇ ಬೈಟು. ನಡುವೆ ಖಾಲಿ ಜಾಗವಿಲ್ಲದ ಕನ್ನಡವಾದರೆ ಒಂದು ಕಂತಿನಲ್ಲಿ 2730 ಸಂಕೇತಗಳು ಹಿಡಿದು 2 ಬೈಟು ಮಿಗುತ್ತವೆ. ಮುಂದಿನ ಸಂಕೇತದ ಎರಡು ಬೈಟು ಈ ಕಂತಿನಲ್ಲಿ, ಮೂರನೆಯದು ಆ ಕಂತಿನಲ್ಲಿ. ಎರಡೂ ಕಡೆ ಅರ್ಥವಾಗದೆ ಜಾವಾ ಕಪ್ಪು ವಜ್ರದೊಳಗಿನ ಪ್ರಶ್ನೆ ಚಿಹ್ನೆ ಇಡುತ್ತದೆ. ಇಡೀ ಪುಸ್ತಕದಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಕೆಟ್ಟಿದ್ದರೆ ಮೊದಲು ಸಂಶಯಪಡಬೇಕಾದ್ದು ಇದನ್ನೇ. ಬೈಟುಗಳನ್ನು ಹಾಗೇ ನಕಲಿಸಬೇಕು, ಇಲ್ಲವೇ ತುಂಡಾದ ಅಕ್ಷರವನ್ನು ನೆನಪಿಟ್ಟುಕೊಳ್ಳಬಲ್ಲ ರೀಡರ್ ಕ್ಲಾಸುಗಳ ಮೂಲಕ ಓದಬೇಕು.

ಇಷ್ಟಾದ ಮೇಲೂ ‘ಉಳಿಯಿತು’ ಎನ್ನಲು ಇನ್ನೊಂದು ಹೆಜ್ಜೆ ಬಾಕಿ. ಕ್ಲೋಸ್ ಆದಾಗ ಬೈಟುಗಳು ಪ್ರೋಗ್ರಾಂನ ಕೈಯಿಂದ ಆಪರೇಟಿಂಗ್ ಸಿಸ್ಟಮ್ಮಿನ ಕೈ ಸೇರುತ್ತವೆ, ಅಷ್ಟೆ. ಫ್ಲಶ್ ಎಂದರೂ ಅಷ್ಟೆ; ಡಿಸ್ಕಿಗೆ ಹೋಗಿದೆ ಎಂಬ ಭರವಸೆ ಇಲ್ಲವೆಂದು ಜಾವಾದ ಅಧಿಕೃತ ದಾಖಲೆಯೇ ಹೇಳುತ್ತದೆ. ಆಪರೇಟಿಂಗ್ ಸಿಸ್ಟಮ್ ಅವನ್ನು ತನ್ನ ಮೆಮೊರಿಯಲ್ಲಿಟ್ಟುಕೊಂಡು ಪುರಸೊತ್ತಾದಾಗ ಬರೆಯುತ್ತದೆ. ಈ ತಡ ಎಷ್ಟು ಕಾಟ ಕೊಡಬಹುದೆಂದು 2009ರಲ್ಲಿ ಗೊತ್ತಾಯಿತು. ಉಬುಂಟು 9.04ರ ಪರೀಕ್ಷಾ ಆವೃತ್ತಿಯನ್ನು ಎಕ್ಸ್ಟ್‌4 ಎಂಬ ಆಗಿನ ಹೊಸ ಫೈಲ್ ಸಿಸ್ಟಮ್ ಮೇಲೆ ಬಳಸುತ್ತಿದ್ದ ಕೆಲವರಿಗೆ, ಕಂಪ್ಯೂಟರ್ ಹಠಾತ್ ನಿಂತು ಮತ್ತೆ ಶುರುವಾದಾಗ ಸೆಟ್ಟಿಂಗ್ಸ್ ಫೈಲುಗಳು ಸೊನ್ನೆ ಬೈಟಾಗಿದ್ದವು. ಪ್ರೋಗ್ರಾಂಗಳು ಹಳೆಯ ಫೈಲನ್ನು ಖಾಲಿ ಮಾಡಿ ಹೊಸದನ್ನು ಬರೆದಿದ್ದವು, ಹೊಸದು ಡಿಸ್ಕ್ ತಲುಪುವಷ್ಟರಲ್ಲಿ ಕಂಪ್ಯೂಟರ್ ನಿಂತಿತ್ತು. ಎಕ್ಸ್ಟ್‌4ರ ಹೊಣೆ ಹೊತ್ತಿದ್ದ ಥಿಯಡೋರ್ ತ್ಸೋ, ಡಿಸ್ಕಿಗೆ ಬರೆ ಎಂದು ಪ್ರೋಗ್ರಾಂಗಳು ಸ್ಪಷ್ಟವಾಗಿ ಕೇಳಬೇಕು ಎಂದರು. ಜತೆಗೆ ಇಂಥ ಪ್ರೋಗ್ರಾಂಗಳನ್ನು ಕಾಪಾಡಲು ಫೈಲ್ ಸಿಸ್ಟಮ್ಮಿನಲ್ಲೂ ತಿದ್ದುಪಡಿ ಮಾಡಿದರು.

ಜಾವಾದಲ್ಲಿ ಹಾಗೆ ಕೇಳುವ ಮೆಥಡ್ಡಿನ ಹೆಸರು ಫೋರ್ಸ್, ಅದು ಫೈಲ್‌ಚಾನೆಲ್ ಕ್ಲಾಸಿನಲ್ಲಿದೆ. ಪ್ರತಿ ಸಾಲಿಗೂ ಅದನ್ನು ಕರೆದರೆ ಪ್ರೋಗ್ರಾಂ ತೆವಳುತ್ತದೆ, ಹಾಗಾಗಿ ಕಳೆದರೆ ನಷ್ಟವಾಗುವ ಮಾಹಿತಿಗೆ ಮಾತ್ರ ಸಾಕು. ಫೈಲ್‌ರೈಟರ್ ಇನ್ನೊಂದು ವಿಷಯದಲ್ಲಿ ಅಪಾಯಕಾರಿ: ಇರುವ ಫೈಲಿನ ಹೆಸರು ಕೊಟ್ಟು ತೆರೆದ ಕ್ಷಣವೇ, ಮೊದಲ ಅಕ್ಷರ ಬರೆಯುವ ಮುಂಚೆಯೇ, ಹಳೆಯದು ಖಾಲಿಯಾಗುತ್ತದೆ. ಕೊನೆಗೆ ಸೇರಿಸು ಎಂದು ಹೇಳದಿದ್ದರೆ ಅದರ ಸ್ವಭಾವವೇ ಅದು. ಬರೆಯುವ ನಡುವೆ ಎಕ್ಸೆಪ್ಷನ್ ಬಂದರೆ ಹಳೆಯದೂ ಇಲ್ಲ, ಹೊಸದೂ ಅರ್ಧ. ಮುಖ್ಯವಾದ ಫೈಲಿಗೆ ಸುರಕ್ಷಿತ ಕ್ರಮ ಬೇರೆ. ಅದೇ ಫೋಲ್ಡರಿನಲ್ಲಿ ತಾತ್ಕಾಲಿಕ ಹೆಸರಿನ ಫೈಲಿಗೆ ಪೂರ್ತಿ ಬರೆದು, ಫೋರ್ಸ್ ಮಾಡಿ, ಮುಚ್ಚಿ, ಆಮೇಲೆ ಫೈಲ್ಸ್.ಮೂವ್ ಮೂಲಕ ಅಟಾಮಿಕ್ ಮೂವ್ ಆಯ್ಕೆ ಕೊಟ್ಟು ಹಳೆಯ ಹೆಸರಿಗೆ ಬದಲಿಸಬೇಕು. ಆಗ ಯಾವ ಕ್ಷಣದಲ್ಲಿ ಕರೆಂಟು ಹೋದರೂ ಹಳೆಯದಾದರೂ ಪೂರ್ತಿ ಇರುತ್ತದೆ, ಹೊಸದಾದರೂ ಪೂರ್ತಿ ಇರುತ್ತದೆ.

ಆಬ್ಜೆಕ್ಟ್ ಭಾಷೆಯಲ್ಲವೇ, ಆಬ್ಜೆಕ್ಟನ್ನೇ ಇಡಿಯಾಗಿ ಫೈಲಿಗೆ ಇಳಿಸಬಾರದೇಕೆ ಎಂದು ಕೇಳುವವರಿಗೆ ಸೀರಿಯಲೈಸೇಶನ್ ಎಂಬ ದಾರಿ 1997ರಿಂದಲೇ ಇದೆ. ವಿದ್ಯಾರ್ಥಿಗಳ ಪಟ್ಟಿಯನ್ನು ಆಬ್ಜೆಕ್ಟ್‌ಔಟ್‌ಪುಟ್‌ಸ್ಟ್ರೀಮ್‌ಗೆ ಕೊಟ್ಟರೆ ಒಂದೇ ಸಾಲಿನಲ್ಲಿ ಕೆಲಸ ಮುಗಿಯಿತು. ಮಿನಿ ಪ್ರಾಜೆಕ್ಟುಗಳ ಅಚ್ಚುಮೆಚ್ಚು. ಆದರೆ ಆ ಫೈಲು ಜಾವಾ ಬಿಟ್ಟರೆ ಬೇರೆಯವರಿಗೆ ಅರ್ಥವಾಗದು. ಆವೃತ್ತಿ ಸಂಖ್ಯೆಯನ್ನು ಕೈಯಾರೆ ಬರೆದಿಡದೆ ಕ್ಲಾಸಿಗೆ ಒಂದು ಫೀಲ್ಡ್ ಸೇರಿಸಿದರೂ ಹಳೆಯ ಫೈಲು ತೆರೆಯುವುದಿಲ್ಲ. ದೊಡ್ಡ ಅಪಾಯ ಓದುವಾಗಿನದು. ಬೇರೆಯವರು ಕೊಟ್ಟ ಫೈಲನ್ನು ಹೀಗೆ ಓದಿಸಿದರೆ ಅದರೊಳಗೆ ಅಡಗಿಸಿಟ್ಟ ಆಬ್ಜೆಕ್ಟುಗಳು ನಮ್ಮ ಕಂಪ್ಯೂಟರಿನಲ್ಲಿ ತಮಗೆ ಬೇಕಾದ ಆಜ್ಞೆ ಓಡಿಸಬಹುದು. ಅಪಾಚೆ ಕಾಮನ್ಸ್ ಕಲೆಕ್ಷನ್ಸ್ ಎಂಬ ಜನಪ್ರಿಯ ಲೈಬ್ರರಿ ಬಳಸಿಕೊಂಡು ಇದನ್ನು ಮಾಡಬಹುದೆಂದು 2015ರಲ್ಲಿ ಭದ್ರತಾ ಸಂಶೋಧಕರು ತೋರಿಸಿದಾಗ ಹೆಸರಾಂತ ಸರ್ವರ್ ತಂತ್ರಾಂಶಗಳೆಲ್ಲ ತೇಪೆ ಹಾಕಿಕೊಳ್ಳಬೇಕಾಯಿತು. ಜಾವಾದ ಮುಖ್ಯ ವಾಸ್ತುಶಿಲ್ಪಿ ಮಾರ್ಕ್ ರೀನ್‌ಹೋಲ್ಡ್ ಅವರೇ 2018ರಲ್ಲಿ ಸೀರಿಯಲೈಸೇಶನ್ ಒಂದು ಘೋರ ತಪ್ಪು ಎಂದರು. ಹೊಸದಾಗಿ ಬರೆಯುವವರು ಜೆಸನ್ ಅಥವಾ ಸಾದಾ ಪಠ್ಯಕ್ಕೆ ಹೋಗುವುದು ಒಳ್ಳೆಯದು. ನೋಟ್‌ಪ್ಯಾಡ್‌ನಲ್ಲಿ ತೆರೆದು ತಪ್ಪು ಹುಡುಕಲು ಬರುವ ಫೈಲಿನಿಂದ ಬರೆದವರ ಅರ್ಧ ಆಯಸ್ಸು ಉಳಿಯುತ್ತದೆ.

ಓದುಗರು ಇವತ್ತೇ ಮಾಡಬಹುದಾದ ಪರೀಕ್ಷೆಯೊಂದಿದೆ. ತಮ್ಮ ಪ್ರೋಗ್ರಾಂ ಮೂಲಕ ‘ಕನ್ನಡ’ ಎಂಬ ಒಂದೇ ಪದ, ಹೊಸ ಸಾಲೂ ಇಲ್ಲದೆ, ಫೈಲಿಗೆ ಬರೆಸಿ ಗಾತ್ರ ನೋಡಬೇಕು. 15 ಬೈಟ್ ಬಂದರೆ ಯುಟಿಎಫ್-8ರಲ್ಲಿ ಸರಿಯಾಗಿ ಬರೆದಿದೆ. 5 ಬಂದರೆ ಪ್ರಶ್ನೆ ಚಿಹ್ನೆಗಳು ಕೂತಿವೆ. 12 ಬಂದರೆ ಯುಟಿಎಫ್-16, ಮುಂದೆ ಎರಡು ಬೈಟಿನ ಗುರುತು ಸೇರಿದೆ. ಏನೂ ಇಲ್ಲದಿದ್ದರೆ ಕ್ಲೋಸ್ ಹುಡುಕಬೇಕು. ಜಾವಾ ಕಲಿಸುವ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ಫೈಲ್ ಪಾಠದ ಲ್ಯಾಬ್‌ನಲ್ಲಿ ‘ಹಲೋ ವರ್ಲ್ಡ್’ ಬದಲು ಈ ಪದವನ್ನೇ ಬರೆಸಿ. ಹತ್ತು ಅಂಕದ ಪ್ರಶ್ನೆಗೆ ಬೇಕಾದಷ್ಟು ಸರಕು ಆ 15 ಬೈಟುಗಳಲ್ಲೇ ಇದೆ.